ರೊಟ್ಟಿ ಬಡಿಯುವ ಹೊತ್ತಿನಲ್ಲಿ

ಕೊಪ್ಪಳ ಸೀಮೆಯಲ್ಲಿ ಬೆಳಗಾಗುವುದು ರೊಟ್ಟಿ ಬಡಿಯುವ ಸಪ್ಪಳದೊಂದಿಗೆ. ಎರಡು ವರ್ಷದ ಕೂಸಿಗೂ ಅದೇ ಹೊತ್ತಿಗೆ ಎಚ್ಚರ. ಎದ್ದದ್ದೇ ಒಲೆಯ ಹತ್ತಿರ ಬರುತ್ತದೆ, ಕಾದ ಹಂಚಿಗೆ ಕೈ ಚಾಚುತ್ತದೆ. ಬೆನ್ನಿಗೊಂದು ಗುದ್ದು ಬೀಳುವ ಗಳಿಗೆ ಇದು. ಹೊಡೆದವರ ಬಳಿ ಕಾರಣವೂ ಗಟ್ಟಿಯಾಗಿಯೇ ಇರುತ್ತದೆ: ಕೈ ಸುಟ್ಟುಕೊಂಡಿದ್ದರೆ?

ಆದರೆ ಪಳಗಿದ ಅಜ್ಜಿಯರ ರೀತಿಯೇ ಬೇರೆ. ನಾದಿದ ಹಿಟ್ಟಿನಲ್ಲಿ ನಿಂಬೆಕಾಯಿಯಷ್ಟು ಮುರಿದು, ಒಲೆಯಿಂದ ದೂರ ಒಂದು ಮಣೆ ಹಾಕಿ, "ಬಾ ನಮ್ಮಪ್ಪ, ನಿನ್ನ ರೊಟ್ಟಿ ನೀನs ಬಡಿ" ಎಂದು ಕೂರಿಸುತ್ತಾರೆ. ಕೂಸು ಹಿಟ್ಟನ್ನು ಚಪ್ಪಟೆ ಮಾಡುತ್ತದೆ, ಮಣೆಗೆ ಅಂಟಿಸುತ್ತದೆ, ಅರ್ಧ ಬಾಯಿಗಿಡುತ್ತದೆ. ಉಳಿದ ಸೊಟ್ಟ ರೊಟ್ಟಿ ಕೊನೆಗೆ ಹಂಚಿನ ಅಂಚಿನಲ್ಲಿ ಬೇಯುತ್ತದೆ. ಒಲೆಯ ಹತ್ತಿರ ಬರಬಾರದೆಂಬ ಕಟ್ಟಳೆ ಇಲ್ಲಿ ಎಳ್ಳಷ್ಟೂ ಸಡಿಲವಾಗಿಲ್ಲ. ಹೊಡೆಯದೆ ಬಿಟ್ಟರೆ ಮಕ್ಕಳು ತಲೆ ಮೇಲೆ ಕೂರುತ್ತವೆ ಎನ್ನುವವರು ಈ ಮಣೆಯನ್ನೊಮ್ಮೆ ನೋಡಬೇಕು.

ಆ ವಯಸ್ಸಿನ ಮಗುವಿಗೆ ಬೇಕೆನ್ನುವುದು ಗೊತ್ತು, ತಡೆದುಕೊಳ್ಳುವುದು ಗೊತ್ತಿಲ್ಲ. ತಡೆದುಕೊಳ್ಳುವುದನ್ನು ಕಲಿಸುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಹಸಿವಾದರೂ ನಿದ್ದೆ ಬಂದರೂ ಹೇಳಲು ಮಾತು ಸಾಲದು. ಅದಕ್ಕೇ ಕಚ್ಚುತ್ತದೆ, ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಪೆಟ್ಟು ಕೊಟ್ಟರೆ ಅಳು ನಿಂತೀತು. ಪೆಟ್ಟು ಏಕೆ ಬಿತ್ತೆಂಬುದು ಮಾತ್ರ ಅದಕ್ಕೆ ತಿಳಿಯದು. ಸಿಟ್ಟು ಬಂದರೆ ಕೈ ಎತ್ತಬಹುದೆಂಬುದು ಚೆನ್ನಾಗಿ ತಿಳಿಯುತ್ತದೆ, ಮರುದಿನ ತೊಟ್ಟಿಲ ತಂಗಿಯ ಮೇಲೆ ಅದರ ಪ್ರಯೋಗವೂ ಆಗುತ್ತದೆ. ಹೊಡೆಯುವುದಿಲ್ಲ, ಬರೀ "ಸೂಜಿ ಮಾಡಸ್ತೀನಿ ನೋಡು" ಅಂತ ಹೆದರಿಸುತ್ತೇವೆ ಎನ್ನುವವರಿದ್ದಾರೆ. ಅದೇನೂ ಹೊಡೆತಕ್ಕಿಂತ ಮೇಲಲ್ಲ. ಆಮೇಲೆ ಲಸಿಕೆ ಹಾಕಲು ಬರುವ ಸಿಸ್ಟರಮ್ಮನನ್ನು ಕಂಡು ಮಗು ನಡುಗಿದರೆ ಯಾರನ್ನು ದೂರುವುದು?

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮನೆಯೊಳಗೂ ಹೊಡೆಯಕೂಡದೆಂದು ಸ್ವೀಡನ್ ದೇಶ 1979ರಲ್ಲೇ, ಜಗತ್ತಿಗೆ ಮೊದಲಾಗಿ, ಕಾನೂನು ಮಾಡಿತು. ನಮ್ಮ 17ನೇ ಕಲಂ ಮನೆಯ ಹೊಸ್ತಿಲು ದಾಟಿ ಬರುವುದಿಲ್ಲ. ಅಂಗನವಾಡಿಯಲ್ಲಿ ಹೋಗಿ ಕೂರಲಿಕ್ಕೂ ಮೂರು ತುಂಬಬೇಕು. ಅಲ್ಲಿಯವರೆಗೆ ಕೂಸಿನ ಬೆನ್ನು ಮನೆಯವರ ದಣಿವಿನ ಕೈಯಲ್ಲಿ.

ದಣಿವೆಂದರೆ ಸಣ್ಣ ಮಾತಲ್ಲ. ಗಂಗಾವತಿ ಕಡೆಯ ಗದ್ದೆಯಲ್ಲಿ ಇಡೀ ದಿನ ಬಗ್ಗಿ ಭತ್ತದ ನಾಟಿ ಮಾಡಿ ಬಂದವಳಿಗೆ ಸಂಜೆ ಸೊಂಟ ನಿಲ್ಲುವುದಿಲ್ಲ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಜನ ಗುಳೆ ಹೋಗುತ್ತಾರೆ. ಕೂಸುಗಳು ಒಂದೋ ಊರಿನ ಮುದುಕರ ಮಡಿಲಿಗೆ, ಇಲ್ಲವೇ ಕಟ್ಟಡ ಏಳುವ ಜಾಗದ ಮರಳ ರಾಶಿಗೆ. ಅಲ್ಲಿ ಬೀಳುವ ಪೆಟ್ಟಿಗೆ ಮಗುವಿನ ತಪ್ಪು ನೆಪ ಮಾತ್ರ. ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ತೆರೆದದ್ದನ್ನು ನಾನು ಪೆಟ್ಟು ತಪ್ಪಿಸುವ ಕೆಲಸವೆಂದೂ ಲೆಕ್ಕ ಹಿಡಿಯುತ್ತೇನೆ.

ದಣಿವಿನ ಜೊತೆಗೆ ಮರ್ಯಾದೆಯ ಭಯ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ, ಆಟಿಕೆ ಅಂಗಡಿಯ ಮುಂದೆ ಮಗು ಹಠ ಹಿಡಿದು ಬಿದ್ದುಕೊಂಡರೆ, ಮನೆಯಲ್ಲಿ ಏಳದ ಕೈ ಅಲ್ಲಿ ಏಳುತ್ತದೆ. ನಾಲ್ಕು ಜನ ನೋಡುತ್ತಾರೆ. ಅವರಲ್ಲೊಬ್ಬರು, "ಎರಡು ಕೊಡವಾ, ತಾನs ಸುಮ್ಮನಾಗ್ತೈತಿ" ಎಂದೂ ಹೇಳುತ್ತಾರೆ.

ಆ ಒಬ್ಬರು ನೀವಾಗಬೇಡಿ. ಇವತ್ತು ಬಸ್ ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ಅಳುವ ಕೂಸನ್ನು ಎತ್ತಿಕೊಂಡ ತಾಯಿ ಕಂಡರೆ ಆಕೆಯ ಕೈಚೀಲ ಹಿಡಿದುಕೊಳ್ಳಿ, ಕೂರಲು ಜಾಗ ಬಿಡಿ.