ಜೀರ್ಣೋದ್ಧಾರದ ಧರ್ಮ

ಹಳೆಯ ವಸ್ತುವೊಂದು ಕೆಟ್ಟಾಗ ಅದನ್ನು ಸರಿಪಡಿಸುವುದು ಗೃಹಸ್ಥರೆಲ್ಲರಿಗೂ ಒದಗುವ ಸಾಮಾನ್ಯವಾದ ಕೆಲಸ. ಹರಿದ ಬಟ್ಟೆಗೆ ತೇಪೆ, ಸೋರುವ ಮಾಡಿಗೆ ಹೊಸ ಹೆಂಚು, ಸವೆದ ನೇಗಿಲಿಗೆ ಹೊಸ ಕುಳ. ಇವುಗಳಲ್ಲಿ ತತ್ತ್ವವಿಚಾರಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಆದರೆ ಕೆಲವು ವೇಳೆ ಕೆಟ್ಟ ಭಾಗವೆಷ್ಟೆಂಬುದು ಹೊರಗೆ ಕಾಣುವುದಿಲ್ಲ; ಕಂಡಮೇಲೆ, ಉಳಿದಿರುವುದು ಎಷ್ಟೆಂಬುದೇ ಸಂದೇಹಕ್ಕೆ ಬರುತ್ತದೆ. ಆಗ ಎರಡು ಪ್ರಶ್ನೆಗಳು ಏಳುತ್ತವೆ. ಒಳಗಿನದೆಲ್ಲವನ್ನೂ ತೆಗೆದು ಹೊಸದನ್ನಿಟ್ಟಮೇಲೆ ಅದು ಹಳೆಯ ವಸ್ತುವೇ ಹೌದೆ? ಒಳಗಿನದನ್ನು ಮುಟ್ಟದೆ ಹೊರಗೆ ಮಾತ್ರ ಚೆನ್ನಾಗಿ ಕಾಣುವಂತೆ ಮಾಡಿದರೆ ಅದು ನ್ಯಾಯವೆ? ಮೊದಲನೆಯದು ತರ್ಕದ ಪ್ರಶ್ನೆ, ಎರಡನೆಯದು ನೀತಿಯ ಪ್ರಶ್ನೆ ಎಂದು ತೋರುವುದು ಸಹಜ. ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ನಮ್ಮ ಅಭಿಪ್ರಾಯ.

ಈ ವಿಚಾರವು ನಮ್ಮ ಮನಸ್ಸಿಗೆ ಬಂದುದು ಕನಕಪುರ ಸೀಮೆಯ ಮರಳವಾಡಿಯಲ್ಲಿ, ಮಿತ್ರರೊಬ್ಬರ ತೋಟದಲ್ಲಿ. ರಾಗಿಯೂ ಹಿಪ್ಪುನೇರಳೆಯೂ ಬೆಳೆಯುವ ಆ ಬಯಲುಸೀಮೆಯಲ್ಲಿ ಯಾರೂ ನಿರೀಕ್ಷಿಸದ ವಸ್ತುವೊಂದು ಅವರ ಕೊಟ್ಟಿಗೆಯ ಮಗ್ಗುಲಿನ ಚಪ್ಪರದಲ್ಲಿದೆ. ಅದೊಂದು ಮೋಟಾರು ದೋಣಿ, ಫೈಬರ್‌ಗ್ಲಾಸಿನದು. ಮಿತ್ರರ ತಂದೆಯವರು ಕರಾವಳಿಯಲ್ಲಿ ಉದ್ಯೋಗದಲ್ಲಿದ್ದಾಗ ಅದನ್ನು ಕೊಂಡು, ರಜೆಯ ದಿನಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಳಿವೆಯ ನೀರಿನಲ್ಲಿ ನಡೆಸುತ್ತಿದ್ದರು. ನಿವೃತ್ತರಾದಾಗ ಮಾರಲು ಮನಸ್ಸು ಬಾರದೆ, ಲಾರಿಯ ಮೇಲೇರಿಸಿ ಊರಿಗೆ ತಂದರು. ಇಲ್ಲಿ ಅದಕ್ಕೆ ನೀರು ದೊರೆಯಲಿಲ್ಲ, ಗೆದ್ದಲು ದೊರೆಯಿತು. ತಂದೆಯವರು ಗತಿಸಿ ಕೆಲವು ವರ್ಷಗಳಾದಮೇಲೆ ಮಗ ಅದನ್ನು ಮತ್ತೊಮ್ಮೆ ನೀರಿಗಿಳಿಸಬೇಕೆಂದು ಹೊರಟಾಗ, ಅಷ್ಟು ಅಲೆಗಳಿಗೆ ಜಗ್ಗದಿದ್ದ ದೋಣಿ ಒಣನೆಲದ ಮೇಲೆ ಮುಳುಗಿಹೋಗಿದ್ದುದು ತಿಳಿಯಿತು.

ಗಾಜಿನ ನಾರನ್ನು ಗೆದ್ದಲು ತಿನ್ನುವುದುಂಟೆ? ಇಲ್ಲ. ಫೈಬರ್‌ಗ್ಲಾಸೆಂಬುದು ಗಾಜಿನ ಎಳೆಗಳ ಹಾಸನ್ನು ರಾಳದಲ್ಲಿ ತೋಯಿಸಿ ಗಟ್ಟಿಮಾಡಿದ ಪದಾರ್ಥ. 1940ರ ದಶಕದಿಂದೀಚೆಗೆ ದೋಣಿ ಕಟ್ಟುವವರಲ್ಲಿ ಬಳಕೆಗೆ ಬಂದುದು. ಅದು ತುಕ್ಕು ಹಿಡಿಯದು, ಹುಳು ಬೀಳದು. ಆದರೆ ತೆಳುವಾದ ಹಾಳೆ ಬಳುಕುವುದರಿಂದ, ಹಳೆಯ ದೋಣಿಗಳಲ್ಲಿ ಬಹುಮಟ್ಟಿಗೆ ತಳದ ಉದ್ದಕ್ಕೂ ಮರದ ತೊಲೆಗಳನ್ನಿಟ್ಟು, ಮೋಟಾರನ್ನು ಹೊರುವ ಹಿಂಬದಿಯ ಗೋಡೆಯೊಳಗೆ ದಪ್ಪನಾದ ಪ್ಲೈವುಡ್ಡನ್ನಿಟ್ಟು, ಮೇಲೆ ಅದೇ ನಾರುರಾಳಗಳ ಹೊದಿಕೆಯನ್ನು ಹೊದಿಸಿರುವರು. ದೋಣಿಯ ತೊಗಲು ಗಾಜು, ಮೂಳೆ ಮರ. ಹೊದಿಕೆ ಅಖಂಡವಾಗಿರುವವರೆಗೆ ಮೂಳೆಗೆ ಭಯವಿಲ್ಲ. ಎಂದೋ ಒಂದು ಕೊಂಡಿಯನ್ನು ಕೂರಿಸಲು ಕೊರೆದು, ಸರಿಯಾಗಿ ಮುಚ್ಚದೆ ಬಿಟ್ಟ ತಿರುಪುಮೊಳೆಯ ತೂತೊಂದು ಸಾಕು. ಅದರಿಂದ ನೀರಿಳಿದು ಮರ ಮೆತ್ತಗಾಗುವುದು. ತೇವದ ಮರವನ್ನು ಹುಡುಕಿಕೊಂಡು ಗೆದ್ದಲು ಅದೇ ದಾರಿಯಲ್ಲಿ ಬರುವುದು.

ಗೆದ್ದಲಿನ ಕ್ರಮವಾದರೂ ವಿಚಿತ್ರವಾದುದು. ನಮ್ಮ ಹೊಲಗಳಲ್ಲಿ ಹುತ್ತವೆಬ್ಬಿಸುವ ಜಾತಿಗಳು ಹುತ್ತದೊಳಗೆ ಒಂದು ಬಗೆಯ ಅಣಬೆಯನ್ನು ಸಾಕಿ, ಅದರ ನೆರವಿನಿಂದ ಮರವನ್ನು ಆಹಾರವಾಗಿ ಮಾಡಿಕೊಳ್ಳುವುವು. ಬೆಳಕನ್ನೂ ಒಣಗಾಳಿಯನ್ನೂ ಸಹಿಸಲಾರದೆ ಮಣ್ಣಿನ ಸುರಂಗಗಳಲ್ಲಿ ಮರೆಯಾಗಿ ನಡೆಯುವುವು. ಆದುದರಿಂದಲೇ ಅವು ತಿಂದ ಮರದ ಹೊರಪದರ ಹಾಗೆಯೇ ಉಳಿದು, ಒಳಗೆ ಮಣ್ಣು ತುಂಬಿರುತ್ತದೆ. ಇದರಲ್ಲಿ ಅವುಗಳ ದೋಷವೇನೂ ಇಲ್ಲ. ಕಾಡಿನಲ್ಲಿ ಬಿದ್ದ ಮರವನ್ನು ಮತ್ತೆ ಮಣ್ಣು ಮಾಡುವ ಕೆಲಸ ಅವುಗಳದು. ಅವು ನಿಂತರೆ ಕಾಡೂ ನಿಲ್ಲುವುದು. ಯಾರೂ ವಿಚಾರಿಸದೆ ಬಿಟ್ಟ ಮರವನ್ನು ಅವು ಬಿದ್ದ ಮರವೆಂದೇ ತಿಳಿದುವು. ಆ ತಿಳಿವಳಿಕೆ ತಪ್ಪೆಂದು ಹೇಳಲು ನಮಗೆ ಬಾಯಿಲ್ಲ.

ಊರಿನ ವೃದ್ಧ ಬಡಗಿಯೊಬ್ಬರು ಬಂದು, ಕೊಡತಿಯಿಂದ ದೋಣಿಯ ಮೈಯನ್ನು ಅಂಗುಲ ಅಂಗುಲವಾಗಿ ತಟ್ಟಿ ಕೇಳಿದರು. ಗಟ್ಟಿಯಿದ್ದೆಡೆ ಟಣ್ಣೆಂಬ ಸದ್ದು, ಟೊಳ್ಳಾದೆಡೆ ಮಂಕಾದ ಸದ್ದು. ಹಿಂದಿನ ಗೋಡೆಯನ್ನು ತಟ್ಟಿ ಅವರು ಹೇಳಿದ ಮಾತು ಇಷ್ಟೆ: “ತೊಗಲು ಗಟ್ಟಿಯಾಗಿದೆ ಸ್ವಾಮಿ, ಮೂಳೆಯೇ ಇಲ್ಲ.” ಅದೇ ವಾರದಲ್ಲಿ ದೋಣಿಯನ್ನು ಕೊಳ್ಳಲು ಬಂದವರೊಬ್ಬರು ಬೇರೊಂದು ಮಾತನ್ನು ಹೇಳಿದರು. ತೂತುಗಳಿಗೆ ಲಪ್ಪ ಮೆತ್ತಿ ಒಳ್ಳೆಯ ಬಣ್ಣ ಹೊಡೆಸಿಕೊಟ್ಟರೆ ಸಾಕು. ಮುಂದೆ ಮಾರುವುದು ತಮ್ಮ ಕೆಲಸ. ಒಳಗೇನಿದೆಯೆಂದು ಯಾರು ಕೇಳುತ್ತಾರೆ ಎಂದರು. ಅವರು ಕೊಡುವೆನೆಂದ ಹಣವೂ ಅಲ್ಪವಾಗಿರಲಿಲ್ಲ. ಬಿಚ್ಚಿ ಸರಿಪಡಿಸುವ ವೆಚ್ಚವಾದರೋ ಆ ಹಣಕ್ಕಿಂತ ಹೆಚ್ಚು. ಮಿತ್ರರು ಇತ್ತಂಡದ ನಡುವೆ ನಿಂತರು. ಅವರೊಡನೆ ನಾವೂ ನಿಂತೆವು.

ವಸ್ತುವಿನ ತನ್ನತನವೆಲ್ಲಿದೆಯೆಂಬ ಪ್ರಶ್ನೆ ಬಹಳ ಹಳೆಯದು. ಯವನರಾಜನಾದ ಮಿಲಿಂದನಿಗೆ ಭಿಕ್ಷು ನಾಗಸೇನನು ಇದನ್ನು ರಥದ ಮೂಲಕ ತೋರಿಸಿದನೆಂದು ಪಾಳಿ ಗ್ರಂಥವು ಹೇಳುತ್ತದೆ. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ. ಇವೆಲ್ಲ ಕೂಡಿದೆಡೆ ರಥವೆಂಬ ಹೆಸರು ನಡೆಯುವುದು ಎಂಬುದು ಅವನ ನಿರ್ಣಯ. ಗ್ರೀಸಿನಲ್ಲಿ ಪ್ಲುಟಾರ್ಕನು ಥೀಸಿಯಸ್ಸನ ಹಡಗಿನ ಕಥೆಯನ್ನು ಬರೆದಿದ್ದಾನೆ. ಅಥೆನ್ಸಿನ ಜನರು ಅದರ ಹಲಗೆಗಳು ಶಿಥಿಲವಾದಂತೆಲ್ಲ ಒಂದೊಂದನ್ನೇ ಬದಲಿಸುತ್ತ ಬಂದರು. ಅದು ಅದೇ ಹಡಗೋ ಬೇರೆಯೋ ಎಂದು ತತ್ತ್ವಜ್ಞರು ವಾದಿಸಿದರು. 17ನೆಯ ಶತಮಾನದಲ್ಲಿ ಹಾಬ್ಸನು, ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಅವುಗಳಿಂದಲೇ ಮತ್ತೊಂದು ಹಡಗನ್ನು ಕಟ್ಟಿದರೆ ನಿಜವಾದ ಹಡಗು ಯಾವುದು ಎಂದು ಗಂಟನ್ನು ಇನ್ನಷ್ಟು ಬಿಗಿದನು. ಮರಳವಾಡಿಯಲ್ಲಿ ಹಾಬ್ಸನ ಪ್ರಶ್ನೆಗೆ ಅವಕಾಶವಿಲ್ಲ. ಇಲ್ಲಿ ಹಳೆಯ ಹಲಗೆಗಳು ಹುತ್ತದ ಮಣ್ಣಾಗಿ ಹೋಗಿವೆ.

ಇಷ್ಟು ದೂರ ಹೋಗುವುದೇ ಬೇಡ. ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದಲ್ಲಿ, ಮೇಕೆದಾಟಿಗೆ ಹೋಗುವ ಜನರನ್ನು ಹೊಳೆ ದಾಟಿಸುವ ಹರಿಗೋಲುಗಳನ್ನು ವಾಚಕರು ನೋಡಿಯೇ ಇರುವರು. ಬಿದಿರಿನ ಹೆಣಿಗೆಯ ಮೇಲೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ಈಚೆಗೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುವರು. ಹೊದಿಕೆ ಹರಿದರೆ ಅಂಬಿಗನು ಅದನ್ನು ಕಿತ್ತು ಹೊಸದನ್ನು ಹೊದಿಸುವನು. ಹರಿಗೋಲು ಬದಲಾಯಿತೆಂದು ಯಾರೂ ಹೇಳರು. ಅಲ್ಲಿ ಮೂಳೆ ಉಳಿದು ತೊಗಲು ಹೊಸದಾಗುವುದು. ಮಿತ್ರರ ದೋಣಿಯಲ್ಲಿ ತೊಗಲು ಉಳಿದು ಮೂಳೆ ಹೊಸದಾಗಬೇಕಾಗಿದೆ. ಹಾಗಾದರೆ ತನ್ನತನವು ಮೂಳೆಯಲ್ಲಿಯೂ ಇಲ್ಲ, ತೊಗಲಿನಲ್ಲಿಯೂ ಇಲ್ಲ.

ನಾಗಸೇನನ ಮಾತಿನಂತೆ ಅದು ಹೆಸರು ಮಾತ್ರವೆಂದು ಬಿಟ್ಟುಬಿಡೋಣವೆ? ಹಾಗೆ ಬಿಟ್ಟರೆ ಕೊಳ್ಳಲು ಬಂದವರ ವಾದವೇ ಗೆಲ್ಲುವುದು. ಹೆಸರೂ ಆಕಾರವೂ ಇದ್ದಮೇಲೆ ಬಣ್ಣ ಹೊಡೆದ ಟೊಳ್ಳೂ ದೋಣಿಯೇ ಎಂದು ಅವರು ಹೇಳಬಹುದು. ಆದರೆ ಹೆಸರೆಂಬುದು ಬರಿಯ ಶಬ್ದವಲ್ಲ. ಅದೊಂದು ಮಾತು ಕೊಡುವಿಕೆ. ಒಂದು ವಸ್ತುವನ್ನು ದೋಣಿಯೆಂದು ಕರೆದು ನೀರಿನಂಚಿನಲ್ಲಿ ನಿಲ್ಲಿಸಿದೆವೆಂದರೆ, ‘ಹತ್ತಿದವರನ್ನು ಮುಳುಗಿಸದೆ ದಡ ಸೇರಿಸುವೆನು’ ಎಂಬ ಮಾತನ್ನು ಅದರ ಪರವಾಗಿ ನಾವು ಕೊಟ್ಟಂತಾಯಿತು. ಆ ಮಾತನ್ನು ಧರಿಸಿ ನಿಲ್ಲುವ ಶಕ್ತಿಯೇ ದೋಣಿಯ ಧರ್ಮ; ಧರಿಸುವುದರಿಂದಲೇ ಧರ್ಮವೆಂದು ಹಿರಿಯರು ಹೇಳಿರುವರಷ್ಟೆ. ಈ ದೃಷ್ಟಿಯಿಂದ ನೋಡಿದರೆ, ಒಂದು ಹಲಗೆಯನ್ನೂ ಬದಲಿಸದೆ ಚಪ್ಪರದಲ್ಲಿ ಬಿದ್ದಿದ್ದಾಗಲೇ ಆ ದೋಣಿ ತನ್ನತನವನ್ನು ಕಳೆದುಕೊಂಡಿತ್ತು. ಹಿಂಬದಿಯ ಗೋಡೆ ಟೊಳ್ಳಾದ ದೋಣಿಗೆ ಮೋಟಾರನ್ನು ಕಟ್ಟಿ ನಡುನೀರಿನಲ್ಲಿ ವೇಗವಾಗಿ ನಡೆಸಿದರೆ, ಮೋಟಾರು ಗೋಡೆಯನ್ನೇ ಕಿತ್ತುಕೊಂಡು ಹೋಗಬಹುದು. ಒಳಗೆ ಕುಳಿತವರು ಯಾರ ಮಕ್ಕಳೋ. ಹೊಸ ಮೂಳೆಯನ್ನಿಟ್ಟಾಗ ದೋಣಿ ಬೇರೆಯಾಗುವುದಿಲ್ಲ. ಕಳೆದುಕೊಂಡಿದ್ದ ತನ್ನತನವನ್ನು ಮರಳಿ ಪಡೆಯುತ್ತದೆ. ತರ್ಕದ ಪ್ರಶ್ನೆಗೆ ಉತ್ತರವು ನೀತಿಯಲ್ಲಿದೆಯೆಂದು ನಾವು ಹೇಳಿದುದು ಈ ಅರ್ಥದಲ್ಲಿ.

ಇದಕ್ಕೆ ಒಂದು ಆಕ್ಷೇಪವುಂಟು. ದಡ ಸೇರಿಸುವುದೇ ದೋಣಿಯ ಧರ್ಮವಾದರೆ ಹೊಸ ದೋಣಿಯನ್ನೇ ಕೊಳ್ಳಬಹುದಲ್ಲ. ಹಳೆಯ ತೊಗಲನ್ನು ಉಳಿಸುವ ಶ್ರಮವೇಕೆ? ಆಕ್ಷೇಪವು ಬಲವಾದುದೇ. ಉತ್ತರವಿಷ್ಟು: ವಸ್ತುವಿಗೆ ಮುಂದೆ ಹತ್ತುವವರ ವಿಷಯದಲ್ಲಿ ಧರ್ಮವಿರುವಂತೆ, ನಮಗೆ ಹಿಂದೆ ನಡೆಸಿದವರ ವಿಷಯದಲ್ಲಿ ಋಣವಿದೆ. ಆ ದೋಣಿಯ ಅಂಚಿನಲ್ಲಿ ತಂದೆಯವರ ಕೈ ಆತು ಆತು ನುಣುಪಾದ ಜಾಗವೊಂದಿದೆ. ಅದಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ. ಕನ್ನಡದ ಶಾಸನಗಳಲ್ಲಿ ದೇವಾಲಯಗಳಿಗೆ ಬಿಟ್ಟ ದತ್ತಿಗಳ ಉದ್ದೇಶವನ್ನು ಹೇಳುವಾಗ ಪೂಜೆ ನೈವೇದ್ಯಗಳ ಜೊತೆಯಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಮತ್ತೆ ಮತ್ತೆ ಬರುವುದು. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸಲು ಕಟ್ಟಿಸುವ ದಿನವೇ ಭೂಮಿಯನ್ನು ಬಿಡುತ್ತಿದ್ದರು. ತಾನು ಕಟ್ಟಿಸಿದುದು ಬಿರಿಯುವುದೆಂಬ ವಿವೇಕ ಅವರಿಗಿತ್ತು. ಕೊಡುವುದಕ್ಕಿಂತ, ಇನ್ನೊಬ್ಬರು ಕೊಟ್ಟುದನ್ನು ಕಾಪಾಡುವುದು ಮೇಲೆಂಬ ಭಾವವೂ ಆ ಶಾಸನಗಳಲ್ಲಿದೆ. ಆದರೆ ಋಣಕ್ಕಾಗಿ ಧರ್ಮವನ್ನು ಬಿಡುವಂತಿಲ್ಲ. ತಂದೆಯ ನೆನಪೆಂದು ಟೊಳ್ಳು ದೋಣಿಯಲ್ಲಿ ಮೊಮ್ಮಕ್ಕಳನ್ನು ಕೂರಿಸುವುದು ತಂದೆಗೆ ಮಾಡುವ ಗೌರವವಾಗಲಾರದು.

ಇನ್ನು ಕೆಲಸದ ಕ್ರಮದಲ್ಲಿಯೂ ಒಂದು ಪಾಠವಿದೆ. ಒಳಗಿನ ತೊಲೆಗಳನ್ನು ಕೊಯ್ದು ತೆಗೆಯುವ ಮುನ್ನ ದೋಣಿಯನ್ನು ಸಮನಾದ ಆಸರೆಗಳ ಮೇಲೆ ನಿಲ್ಲಿಸಬೇಕು. ಇಲ್ಲವಾದರೆ ಮೂಳೆ ತೆಗೆದೊಡನೆ ತೊಗಲು ತನ್ನ ಭಾರಕ್ಕೇ ಸೊಟ್ಟಗಾಗುವುದು. ಹೊಸ ಮೂಳೆಯನ್ನಿಟ್ಟಾಗ ಆ ಸೊಟ್ಟೇ ಶಾಶ್ವತವಾಗುವುದು. ದೇವಾಲಯದ ಜೀರ್ಣೋದ್ಧಾರದಲ್ಲಿ ಬಾಲಾಲಯವನ್ನು ಕಟ್ಟಿ, ದೇವರ ಕಳೆಯನ್ನು ಕಲಶಕ್ಕೆ ಆಕರ್ಷಿಸಿ ಅಲ್ಲಿ ಪೂಜೆ ನಡೆಸುತ್ತ, ಕೆಲಸ ಮುಗಿದಮೇಲೆ ಮೂಲಸ್ಥಾನಕ್ಕೆ ತರುವ ಆಗಮವಿಧಿಯ ಹಿಂದೆಯೂ ಇದೇ ಎಚ್ಚರವಿರುವಂತೆ ತೋರುತ್ತದೆ. ಪುರಿಯ ಜಗನ್ನಾಥನ ಬೇವಿನ ಮರದ ಮೂರ್ತಿಗಳನ್ನು 2015ರ ನವಕಲೇವರದಲ್ಲಿ ಬದಲಿಸಿದಾಗಲೂ ಹಳೆಯದರೊಳಗಿನ ತತ್ತ್ವವನ್ನು ಹೊಸದಕ್ಕೆ ಸಾಗಿಸಿದಮೇಲೆಯೇ ಹಳೆಯದನ್ನು ಸಮಾಧಿಮಾಡಿದರು. ಬದಲಾಯಿಸುವ ಕಾಲದಲ್ಲಿ ಆಕಾರವನ್ನು ಹಿಡಿದಿಡುವವರಿಲ್ಲದಿದ್ದರೆ ಸುಧಾರಣೆಯೆಂಬುದು ವಿಕಾರವಾಗಿ ಮುಗಿಯುವುದು. ಸಂಘಸಂಸ್ಥೆಗಳನ್ನು ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಣ್ಣವೇ ಕೆಟ್ಟದೆಂದು ನಮ್ಮ ಅಭಿಪ್ರಾಯವಲ್ಲ. ಚನ್ನಪಟ್ಟಣದ ಬೊಂಬೆಯನ್ನು ನೋಡಿ. ಚೆನ್ನಾಗಿ ಒಣಗಿಸಿದ ಹಾಲೆಮರವನ್ನು ಪಟ್ಟಡೆಯಲ್ಲಿ ತಿರುಗಿಸಿ, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತುವರು. ಶಾಖಕ್ಕೆ ಕರಗಿದ ಅರಗು ಮರಕ್ಕೆ ಹತ್ತಿಕೊಳ್ಳುವುದು. ಆ ಅರಗಾದರೋ ಒಂದು ಕೀಟವು ಸ್ರವಿಸಿದುದೇ. ಒಂದು ಕೀಟ ತಿನ್ನುವ ಮರವನ್ನು ಇನ್ನೊಂದು ಕೀಟದ ಅರಗು ಕಾಯುತ್ತದೆ. ಗಟ್ಟಿಯ ಮೇಲಿನ ಹೊಳಪು ರಕ್ಷೆ. ಟೊಳ್ಳಿನ ಮೇಲಿನ ಹೊಳಪು ವಂಚನೆ. ಹೊಳಪು ಎರಡರಲ್ಲಿಯೂ ಒಂದೇ ಆದುದರಿಂದ, ತಟ್ಟಿ ನೋಡದೆ ಭೇದ ತಿಳಿಯದು. ಆದುದರಿಂದ, ಸರಿಪಡಿಸಿದವನು ತಾನು ಏನನ್ನು ಬದಲಿಸಿದೆನೆಂಬುದನ್ನೂ ಮರೆಮಾಚಬಾರದು. ಪ್ರಾಚೀನ ಕಟ್ಟಡಗಳ ರಕ್ಷಣೆಯನ್ನು ಕುರಿತು 1964ರಲ್ಲಿ ವೆನಿಸ್ ನಗರದಲ್ಲಿ ಅಂಗೀಕೃತವಾದ ಸನ್ನದು, ಹೊಸದಾಗಿ ಸೇರಿಸಿದ ಭಾಗವು ಹಳೆಯದರೊಡನೆ ಹೊಂದಿಕೊಳ್ಳಬೇಕು, ಆದರೂ ಹೊಸದೆಂದು ಗುರುತು ಸಿಗುವಂತಿರಬೇಕು ಎಂದು ವಿಧಿಸುತ್ತದೆ. ಇದು ಶಿಲ್ಪದ ನಿಯಮವಾದಷ್ಟೇ ಸತ್ಯದ ನಿಯಮವೂ ಹೌದು.

ಮಿತ್ರರು ಕೊಳ್ಳಲು ಬಂದವರನ್ನು ಕಾಫಿ ಕೊಟ್ಟು ಕಳುಹಿಸಿದರು. ಒಳಹೊದಿಕೆಯನ್ನು ಕೊಯ್ದು ತೆಗೆದಾಗ ತೊಲೆಗಳಿರಬೇಕಾದ ಜಾಗದಿಂದ ಬುಟ್ಟಿಬುಟ್ಟಿಯಾಗಿ ಮಣ್ಣು ಬಂತು. ಹೊಸ ಮೂಳೆಗೆ ಮತ್ತೆ ಮರವೇ ಏಕೆ, ಹುಳು ತಿನ್ನದ ಕೃತಕ ಪದಾರ್ಥವಾಗಬಾರದೆ ಎಂದು ನಾವು ಕೇಳಿದೆವು. ಅದೂ ಆಗಬಹುದು, ತಪ್ಪಿಲ್ಲ ಎಂದರು; ಆದರೆ ವೃದ್ಧ ಬಡಗಿಯ ಕೈ ಅರಿತಿರುವುದು ಮರವನ್ನು; ಮರವಾದರೆ ವರ್ಷಕ್ಕೊಮ್ಮೆ ತಟ್ಟಿ ನೋಡಲೇಬೇಕಾಗುವುದು, ಹಾಗೆ ತಟ್ಟುವವನೊಬ್ಬನು ಮನೆಯಲ್ಲಿರಬೇಕೆಂಬುದೇ ತಮ್ಮ ಇಚ್ಛೆ ಎಂದರು. ಗೆದ್ದಲು ತೂತಿನಿಂದ ಬಂದುದಾದರೂ, ಆ ತೂತನ್ನು ವರ್ಷಗಟ್ಟಲೆ ತೆರೆದಿಟ್ಟುದು ತಮ್ಮ ಅಲಕ್ಷ್ಯವೆಂಬುದನ್ನು ಅವರು ಮರೆತಿರಲಿಲ್ಲ.

ದೋಣಿಯಿನ್ನೂ ಚಪ್ಪರದಲ್ಲಿಯೇ ಇದೆ, ನೀರಿಗಿಳಿದಿಲ್ಲ. ಈ ಸಲ ಅದನ್ನು ಕಲ್ಲಿನ ಕಂಬಗಳ ಮೇಲೆ ನೆಲದಿಂದ ಎತ್ತಿ ನಿಲ್ಲಿಸಿದ್ದಾರೆ. ಹೊಸ ತೊಲೆಯನ್ನು ಹೊದಿಕೆಯೊಳಗೆ ಮುಚ್ಚುವ ಮುನ್ನ ಬಡಗಿ ಅದರ ಮೇಲೆ ಉಳಿಯಿಂದ ಇಸವಿಯನ್ನೂ, ಏನೇನು ಬದಲಾಯಿತೆಂಬುದನ್ನೂ ಎರಡು ಸಾಲಿನಲ್ಲಿ ಕೆತ್ತಿದರು. ಹೊದಿಸಿದಮೇಲೆ ಅದು ಯಾರಿಗೂ ಕಾಣದು. ಮುಂದೆಂದಾದರೂ ಇನ್ನೊಬ್ಬರು ಈ ದೋಣಿಯನ್ನು ಬಿಚ್ಚಬೇಕಾಗಿ ಬಂದಾಗ, ಒಳಗೆ ಮಣ್ಣಿನ ಬದಲು ಆ ಎರಡು ಸಾಲುಗಳು ಸಿಕ್ಕಲೆಂಬುದು ಮಿತ್ರರ ಆಸೆ, ನಮ್ಮದೂ ಅದೇ.