ಗುಂಡು ಹಾರದ ವರ್ಷಗಳ ಲೆಕ್ಕ

ಮಂಗಳೂರಿನಲ್ಲಿ ಮಿಲಿಟ್ರಿಯಿಂದ ನಿವೃತ್ತರಾಗಿ ಬಂದವರಿಗೆ ಮೊದಲು ಎದುರಾಗುವ ಪ್ರಶ್ನೆ ‘ಯುದ್ಧ ನೋಡಿದ್ದೀರಾ?’ ಎಂಬುದು. ಮದುವೆ ಊಟದ ಪಂಕ್ತಿಯಲ್ಲಿ, ಶಾಲೆಯ ಸ್ವಾತಂತ್ರ್ಯೋತ್ಸವದಲ್ಲಿ, ಕಾರ್ಗಿಲ್ ವಿಜಯದ ದಿನವಾದ ಜುಲೈ 26ರಂದು ಕದ್ರಿಯ ಯುದ್ಧ ಸ್ಮಾರಕಕ್ಕೆ ಹೂವಿಟ್ಟು ಹೊರಡುವಾಗ ಇದನ್ನೇ ಕೇಳುತ್ತಾರೆ. 1971ರಲ್ಲೋ 1999ರಲ್ಲೋ ರಣಭೂಮಿಯಲ್ಲಿದ್ದವರು ಹೌದೆಂದರೆ ಸುತ್ತ ಜನ ಸೇರುತ್ತದೆ. ‘ಇಲ್ಲ, ನನ್ನ ಸರ್ವಿಸಿನಲ್ಲಿ ಯುದ್ಧ ಆಗಲಿಲ್ಲ’ ಎಂದವರೊಡನೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹದಿನೈದು, ಇಪ್ಪತ್ತು ವರ್ಷಗಳ ಸೇವೆಯನ್ನು ಒಂದು ‘ಇಲ್ಲ’ ಮುಚ್ಚಿಹಾಕುತ್ತದೆ. ಈ ಪ್ರಶ್ನೆಯ ಹಿಂದೆ ಅಗೌರವವಿಲ್ಲ ನಿಜ. ಆದರೆ ಸೈನಿಕನ ಕೆಲಸ ಏನೆಂಬುದನ್ನೇ ಅದು ತಪ್ಪಾಗಿ ತಿಳಿದುಕೊಂಡಿದೆ.

ಕರಾವಳಿಗೆ ಮನೆ ಬಿಟ್ಟು ಹೋಗುವುದು ಹೊಸತಲ್ಲ. ಮುಂಬೈಯ ಹೋಟೆಲಿಗೆ ಹೋದವರ, ಗಲ್ಫಿಗೆ ಹೋದವರ ಕಥೆ ಇಲ್ಲಿ ಮನೆಮನೆಯಲ್ಲೂ ಇದೆ. ಸೇನೆಗೆ ಹೋದವರ ಕಥೆ ಮಾತ್ರ ಅಷ್ಟು ಕೇಳಿಬರುವುದಿಲ್ಲ. ಸೇನೆಯ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯನವರ ಕೊಡಗು ಪಕ್ಕದಲ್ಲೇ ಇರುವುದರಿಂದ ಸೈನಿಕ ಪರಂಪರೆ ಎಂದರೆ ಘಟ್ಟದ ಮೇಲಿನದು ಎಂದು ನಾವೇ ತೀರ್ಮಾನಿಸಿಬಿಟ್ಟಂತಿದೆ. ಆದರೂ ಮದ್ರಾಸ್ ರೆಜಿಮೆಂಟಿಗೆ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ (ಎಂಇಜಿ), ವಾಯುಪಡೆಗೆ, ನೌಕಾಪಡೆಗೆ ಈ ಊರಿನಿಂದ ಹೋದವರಿದ್ದಾರೆ. ಮಿಲಿಟರಿ ನರ್ಸಿಂಗ್ ಸರ್ವಿಸಿಗೆ ಸೇರಿ ಗಡಿಯ ಆಸ್ಪತ್ರೆಗಳಲ್ಲಿ ದುಡಿದ ಹೆಣ್ಣುಮಕ್ಕಳಿದ್ದಾರೆ. ಅವರನ್ನಂತೂ ಯಾವ ಪ್ರಶ್ನೆಯನ್ನೂ ಯಾರೂ ಕೇಳುವುದಿಲ್ಲ. ಸೈನಿಕರಲ್ಲಿ ಹೆಚ್ಚಿನವರು ನಲವತ್ತರ ಆಸುಪಾಸಿನಲ್ಲೇ ಸಮವಸ್ತ್ರ ಕಳಚಿ ಬರುತ್ತಾರೆ. ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಲ್ಲಿ ಶೇ 14.5, ಅದಕ್ಕೂ ಕೆಳಗಿನ ಹುದ್ದೆಗಳಲ್ಲಿ ಶೇ 24.5 ಮಾಜಿ ಸೈನಿಕರಿಗೆ ಮೀಸಲು. ಬ್ಯಾಂಕುಗಳ ತವರಾದ ಈ ಜಿಲ್ಲೆಯಲ್ಲಿ ನಮ್ಮ ಪಾಸ್‌ಬುಕ್ ತುಂಬಿಸಿ ಕೊಡುವವರು, ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವವರು ಒಂದು ಕಾಲದಲ್ಲಿ ಎಲ್ಲಿದ್ದರು ಎಂದು ನಾವು ಕೇಳಿದ್ದು ಅಪರೂಪ.

ಸೈನ್ಯವೊಂದನ್ನು ದೇಶ ಸಾಕುವುದು ಯುದ್ಧ ಮಾಡುವುದಕ್ಕಿಂತ ಹೆಚ್ಚಾಗಿ ಯುದ್ಧ ಆಗದಂತೆ ನೋಡಿಕೊಳ್ಳಲು. ಗಡಿಯಲ್ಲಿ ರಾತ್ರಿಯಿಡೀ ಕಣ್ಣು ಮುಚ್ಚದೆ ನಿಂತವನ ಎದುರು ಬೆಳಗಿನವರೆಗೂ ಏನೂ ನಡೆಯಲಿಲ್ಲ ಎಂದರೆ ಅವನ ಕೆಲಸ ಕೈಗೂಡಿತು ಎಂದರ್ಥ. ಸಿಯಾಚಿನ್ ಇದಕ್ಕೆ ದೊಡ್ಡ ನಿದರ್ಶನ. 1984ರ ಏಪ್ರಿಲ್‌ನಿಂದ ನಮ್ಮ ಸೈನಿಕರು ಆ ಹಿಮನದಿಯ ಮೇಲಿದ್ದಾರೆ. 2003ರ ನವೆಂಬರ್‌ನಲ್ಲಿ ಕದನವಿರಾಮ ಜಾರಿಯಾದ ಮೇಲೆ ಅಲ್ಲಿ ಬಂದೂಕುಗಳು ಮೌನವಾಗಿವೆ. ಆದರೂ ಸಾವು ನಿಂತಿಲ್ಲ. ಅಲ್ಲಿ ಗುಂಡಿಗಿಂತ ಹಿಮ ಮತ್ತು ಎತ್ತರವೇ ಹೆಚ್ಚು ಜನರನ್ನು ಕೊಂದಿವೆ. ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮಕುಸಿತಕ್ಕೆ ಸಿಕ್ಕರು. ಆರು ದಿನಗಳ ನಂತರ ಜೀವಂತ ಸಿಕ್ಕಿದ ಅವರಿಗಾಗಿ ಇಡೀ ದೇಶ ಹರಕೆ ಹೊತ್ತಿತು. 11ರಂದು ಅವರು ತೀರಿಕೊಂಡರು. ಅದೇ ಹಿಮದಲ್ಲಿ ತಮ್ಮ ಪಾಳಿ ಮುಗಿಸಿ, ಬೆರಳು ಉಳಿಸಿಕೊಂಡೋ ಕಳೆದುಕೊಂಡೋ ಇಳಿದುಬಂದ ಸಾವಿರಾರು ಜನ ‘ಯುದ್ಧ ನೋಡಿದ್ದೀರಾ’ ಎಂದು ಕೇಳಿದರೆ ಏನೆಂದು ಉತ್ತರಿಸಬೇಕು?

ಇಲ್ಲೊಂದು ತೊಡಕಿದೆ. ಚರಿತ್ರೆ ನಡೆದದ್ದನ್ನು ಬರೆದಿಡುತ್ತದೆ, ನಡೆಯದೆ ಉಳಿದದ್ದಕ್ಕೆ ಅದರಲ್ಲಿ ಪುಟವಿಲ್ಲ. ಶೌರ್ಯ ಪದಕಗಳೂ ಹೆಚ್ಚಾಗಿ ಘಟನೆಗಳಿಗೇ ಸಲ್ಲುತ್ತವೆ. ನಡೆಯದೆ ಉಳಿದದ್ದಕ್ಕೆ ಸಾಕ್ಷಿ ಅಲ್ಲಿ ನಿಂತಿದ್ದವನ ನೆನಪು ಮಾತ್ರ. ಮನೆಯವರು ಕೂಡ ಸಾಕ್ಷಿಗಳಲ್ಲ. ‘ಕೇರ್ ಆಫ್ 56 ಎಪಿಒ’ ಎಂಬ ಸೇನಾ ಅಂಚೆ ವಿಳಾಸ ಬರೆದು ಹಾಕಿದ ಇನ್‌ಲ್ಯಾಂಡ್ ಪತ್ರ ಲೇಹ್‌ಗೆ ಹೋಯಿತೋ ಇನ್ನೆಲ್ಲಿಗೆ ಹೋಯಿತೋ ಜೆಪ್ಪುವಿನಲ್ಲೋ ಕಾವೂರಿನಲ್ಲೋ ಕುಳಿತ ಹೆಂಡತಿಗೆ ತಿಳಿಯುವಂತಿರಲಿಲ್ಲ. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆಯುವ ಮೊದಲು ಉತ್ತರದಿಂದ ರಜೆಗೆ ಹೊರಟವನು ಪಾಲಕ್ಕಾಡ್, ಶೊರನೂರು ಸುತ್ತಿ ದಿನಗಟ್ಟಲೆ ರೈಲಿನಲ್ಲಿ ಕಳೆದು ಮನೆ ಸೇರುತ್ತಿದ್ದ. ಬಂದವನು ಅಲ್ಲಿನದನ್ನು ಹೇಳುತ್ತಿರಲಿಲ್ಲ. ಹೇಳಬಾರದೆಂಬ ನಿಯಮ ಒಂದು ಕಡೆ, ಹೇಳಿದರೆ ಮನೆಯವರು ಹೆದರುತ್ತಾರೆಂಬ ಕಾಳಜಿ ಇನ್ನೊಂದು ಕಡೆ. ಹಾಗಾಗಿ ನಿವೃತ್ತ ಸೈನಿಕರ ನೆನಪಿಗೆ ಬೇರೆ ವೃತ್ತಿಯವರ ನೆನಪಿಗಿಲ್ಲದ ಒಂದು ಹೊಣೆಯಿದೆ. ಶಿಕ್ಷಕರು ಮರೆತರೂ ಅವರ ಶಿಷ್ಯರಿರುತ್ತಾರೆ, ಬಡಗಿ ಮರೆತರೂ ಅವನು ಮಾಡಿದ ಬಾಗಿಲು ಇರುತ್ತದೆ. ಸೈನಿಕ ಮರೆತರೆ, ಅಥವಾ ಅವನನ್ನು ಯಾರೂ ಕೇಳದೇ ಹೋದರೆ, ಆ ಇಪ್ಪತ್ತು ವರ್ಷಗಳು ಎಲ್ಲಿಯೂ ಉಳಿಯುವುದಿಲ್ಲ.

ಕನ್ನಡ ನಾಡು ವೀರರನ್ನು ನೆನೆದ ಬಗೆಯಲ್ಲೂ ಎರಡು ದಾರಿಗಳಿವೆ. ಒಂದು ವೀರಗಲ್ಲಿನದು. ತುರು ಕಾಯುತ್ತ, ಊರು ಕಾಯುತ್ತ ಸತ್ತವನನ್ನು ಕಲ್ಲಿನಲ್ಲಿ ಕೆತ್ತಿ ಸ್ವರ್ಗಕ್ಕೇರಿಸಿದ ದಾರಿ. ಇನ್ನೊಂದು ಹಲ್ಮಿಡಿಯದು. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದಾದ, ಕ್ರಿ.ಶ. 450ರ ಸುಮಾರಿನ ಆ ಶಾಸನ ಕೇಕಯ–ಪಲ್ಲವರ ವಿರುದ್ಧ ಹೋರಾಡಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಳ್ಚು, ಅಂದರೆ ಕತ್ತಿ ತೊಳೆಯುವ ದತ್ತಿಯಾಗಿ ಕೊಟ್ಟದ್ದನ್ನು ದಾಖಲಿಸುತ್ತದೆ. ಕಾದಿ ಬದುಕಿ ಬಂದವನಿಗೂ ಸಮಾಜ ಋಣಿ ಎಂದು ನಮ್ಮ ಭಾಷೆ ತನ್ನ ಎಳವೆಯಲ್ಲೇ ಬರೆದಿಟ್ಟಿದೆ. ನಾವು ಇಂದು ವೀರಗಲ್ಲಿನ ದಾರಿಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಹುತಾತ್ಮರಿಗೆ ಮೆರವಣಿಗೆ ಇದೆ, ಬದುಕಿ ಬಂದವರಿಗೆ ಕ್ಯಾಂಟೀನ್ ಕಾರ್ಡ್ ಇದೆ.

ನೆನಪನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಸಹಜ. ವಯಸ್ಸಾದಂತೆ ಕಷ್ಟಗಳು ಸಾಹಸಗಳಾಗುತ್ತವೆ, ‘ನಮ್ಮ ಕಾಲದ ಶಿಸ್ತು’ ಇಂದಿನವರನ್ನು ಬಯ್ಯುವ ಕೋಲಾಗುತ್ತದೆ. ಇದು ಸುಳ್ಳಲ್ಲ. ಆದರೆ ಹಿಂತಿರುಗಿ ನೋಡುವುದನ್ನು ನಮಗೆ ಕಲಿಸಿದ ಕವಿಯೊಬ್ಬನಿದ್ದಾನೆ. ಮಹಾಭಾರತದ ಕಥೆಯನ್ನು ಸಿಂಹಾವಲೋಕನ ಕ್ರಮದಲ್ಲಿ ಹೇಳಿದ ರನ್ನ, ‘ಗದಾಯುದ್ಧ’ದಲ್ಲಿ ಸೋತ ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣರ ಮುಂದೆ ಅಳುವ ದುರ್ಯೋಧನ ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಶೌರ್ಯಕ್ಕೆ ತಲೆಬಾಗುತ್ತಾನೆ. ಯುದ್ಧ ನಡೆಯುವಾಗ ಅವನಿಗೆ ಕಾಣದ ಅಭಿಮನ್ಯು, ಯುದ್ಧ ಮುಗಿದ ಮೇಲೆ ಕಾಣಿಸಿದ. ನಿಜವಾದ ಹಿನ್ನೋಟಕ್ಕೆ ಇದೇ ಒರೆಗಲ್ಲು: ಅದರಲ್ಲಿ ಎದುರಾಳಿಯೂ ಮನುಷ್ಯನಾಗಿ ಬರಬೇಕು, ತನ್ನ ಹೆದರಿಕೆಯೂ ಬರಬೇಕು, ತನ್ನವರ ತಪ್ಪೂ ಬರಬೇಕು. ಜಂಬದ ಕಥೆ ಬೇಡಿದವರಿಗೆ ಜಂಬದ ಕಥೆಯೇ ಸಿಗುತ್ತದೆ. ಕೇಳುವವರು ತಾಳ್ಮೆಯಿಂದ ಕೂತರೆ ಈ ಇನ್ನೊಂದು ಬಗೆಯ ನೆನಪೂ ಹೊರಬರುತ್ತದೆ. ನೆನಪಿನ ಪ್ರಾಮಾಣಿಕತೆಯಲ್ಲಿ ಕೇಳುಗರಿಗೂ ಅರ್ಧ ಪಾಲಿದೆ.

ಕೇಳಲು ಮನಸ್ಸಿಲ್ಲದ ಸಮಾಜ ಏನು ಮಾಡುತ್ತದೆ ಎಂಬುದಕ್ಕೆ ಭಾರತೀಯ ಶಾಂತಿಪಾಲನಾ ಪಡೆಯೇ (ಐಪಿಕೆಎಫ್) ಉದಾಹರಣೆ. 1987ರ ಜುಲೈನಲ್ಲಿ ಶ್ರೀಲಂಕಾಕ್ಕೆ ಹೋದ ಐಪಿಕೆಎಫ್ 1990ರ ಮಾರ್ಚ್‌ನಲ್ಲಿ ಮರಳಿತು. ಸಾವಿರಕ್ಕೂ ಹೆಚ್ಚು ಯೋಧರು ಅಲ್ಲಿ ಪ್ರಾಣ ಬಿಟ್ಟಿದ್ದರು. ಆದರೆ ಮದ್ರಾಸಿನಲ್ಲಿ ಮರಳಿದವರನ್ನು ಬರಮಾಡಿಕೊಳ್ಳಲು ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಹೋಗಲಿಲ್ಲ. 2008ರಲ್ಲಿ ಮಡಿದವರಿಗಾಗಿ ಸ್ಮಾರಕ ಕಟ್ಟಿದ್ದು ಶ್ರೀಲಂಕಾ. ನಮ್ಮ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾದದ್ದೇ 2019ರಲ್ಲಿ. ಕಳಿಸಿದ್ದು ಸರಿಯೇ ತಪ್ಪೇ ಎಂಬ ರಾಜಕೀಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಕಳಿಸಿದವರು. ಹೋದವರು ಆ ಪ್ರಶ್ನೆಯ ಭಾರವನ್ನು ಮೌನವಾಗಿ ಹೊತ್ತುಕೊಂಡು ಬದುಕಬೇಕಾಯಿತು. ಯುದ್ಧವನ್ನು ಒಪ್ಪದೆಯೂ ಯೋಧರ ಮಾತು ಕೇಳಬಹುದು. ಒಪ್ಪದಿರುವವರು ಮೊದಲು ಕೇಳಬೇಕಾದದ್ದೇ ಅವರ ಮಾತನ್ನು.

‘ಅವರು ಸೇರಿದ್ದು ಸಂಬಳಕ್ಕೆ, ಪಿಂಚಣಿಗೆ, ಅದರಲ್ಲಿ ತ್ಯಾಗ ಎಲ್ಲಿ ಬಂತು’ ಎನ್ನುವವರೂ ಇದ್ದಾರೆ. ಹೌದು, ಹೆಚ್ಚಿನವರು ಸೇರಿದ್ದು ಹೊಟ್ಟೆಪಾಡಿಗೇ. ಗೇಣಿಯ ತುಂಡು ಭೂಮಿ, ಮದುವೆಯಾಗದ ತಂಗಿಯರು, ಎಸ್ಸೆಸ್ಸೆಲ್ಸಿಗೆ ನಿಂತ ಓದು, ಇವು ಅನೇಕರನ್ನು ನೇಮಕಾತಿಯ ಸಾಲಿಗೆ ತಂದವು. ಆದರೆ ಒಂದು ಕೆಲಸಕ್ಕೆ ನಾವು ಸೇರುವ ಕಾರಣ ಬೇರೆ, ಆ ಕೆಲಸ ನಮ್ಮಿಂದ ಕೇಳುವ ಬೆಲೆ ಬೇರೆ. ಸಂಬಳಕ್ಕೆ ಸೇರಿದವನೂ ಆಜ್ಞೆ ಬಂದ ಗಳಿಗೆಯಲ್ಲಿ ಜೀವವನ್ನೇ ಮುಂದಿಡಬೇಕು. ಯಾವ ಸಂಬಳವೂ ಅದಕ್ಕೆ ಸಮನಾಗದು. ಹಾಗೆಂದು ಸೈನಿಕರೆಲ್ಲ ಎಲ್ಲ ವಿಷಯಗಳಲ್ಲಿ ಪ್ರಮಾಣ ಪುರುಷರು ಎಂದಲ್ಲ. ನಿವೃತ್ತ ಸೈನಿಕ ನಮ್ಮೆಲ್ಲರಂತೆ ಒಬ್ಬ ನಾಗರಿಕ. ದೇಶಭಕ್ತಿಯ ಪಾಠ ಹೇಳುವ ಗುರುವನ್ನಾಗಿ ಅವರನ್ನು ವೇದಿಕೆಗೆ ಏರಿಸುವುದೂ ಅವರ ಮಾತನ್ನು ಕೇಳದಿರುವ ಇನ್ನೊಂದು ಬಗೆ.

ಹಿಂತಿರುಗಿ ನೋಡುವ ಅವಕಾಶವೇ ಸಿಗದವರನ್ನು ಇಲ್ಲಿ ಮರೆಯುವಂತಿಲ್ಲ. ಮಂಗಳೂರಿನಲ್ಲಿ ಬೆಳೆದ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ 2023ರ ನವೆಂಬರ್ 22ರಂದು ರಾಜೌರಿಯಲ್ಲಿ ಉಗ್ರರೊಡನೆ ಕಾದಾಡುತ್ತ ಪ್ರಾಣ ಕೊಟ್ಟರು. ಆಗ ಅವರ ವಯಸ್ಸು ಮೂವತ್ತನ್ನೂ ಮುಟ್ಟಿರಲಿಲ್ಲ. ಅಂಥವರ ಜೊತೆ ಒಂದೇ ಬಂಕರಿನಲ್ಲಿ ಮಲಗಿ ಎದ್ದವರು ಉಳಿದ ಆಯುಷ್ಯವೆಲ್ಲ ‘ಅವನು ಹೋದ, ನಾನೇಕೆ ಉಳಿದೆ’ ಎಂದು ಕೇಳಿಕೊಳ್ಳುತ್ತ ಬದುಕುತ್ತಾರೆ. ಅವರು ನೆನೆಯುವುದು ತಮ್ಮ ಸೇವೆಯನ್ನಷ್ಟೇ ಅಲ್ಲ, ಸತ್ತವರ ಪರವಾಗಿಯೂ ಅವರೇ ನೆನೆಯಬೇಕು.

ಈ ಮಾತಿಗೆ ಈಗ ಅವಸರವೂ ಇದೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಘೋಷಣೆಯ ಪ್ರಕಾರ ಸೇನೆಯಲ್ಲಿ ಮುಂದುವರಿಯುವವರು ಶೇ 25ರವರೆಗೆ ಮಾತ್ರ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿಯೊಡನೆ, ಪಿಂಚಣಿಯಿಲ್ಲದೆ ಊರಿಗೆ ಬರುತ್ತಾರೆ. ಮಂಗಳೂರಿನ ಸೇನಾ ನೇಮಕಾತಿ ಕಚೇರಿಯ ಮೂಲಕ ಕರಾವಳಿಯವರಷ್ಟೇ ಅಲ್ಲ, ಘಟ್ಟದ ಮೇಲಿನ ಜಿಲ್ಲೆಗಳ ಹುಡುಗರೂ ಹೋಗುತ್ತಾರೆ. ಇಪ್ಪತ್ತಮೂರು, ಇಪ್ಪತ್ತನಾಲ್ಕರ ವಯಸ್ಸಿಗೇ ‘ಮಾಜಿ’ ಎನಿಸಿಕೊಳ್ಳುವವರ ತಲೆಮಾರೊಂದು ನಮ್ಮ ನಡುವೆ ಬದುಕಲಿದೆ. ‘ಯುದ್ಧ ನೋಡಿದೆಯಾ, ಎಷ್ಟು ದುಡ್ಡು ಬಂತು’ ಎಂದಷ್ಟೇ ಅವರನ್ನು ಕೇಳಿದರೆ, ತಮ್ಮ ನಾಲ್ಕು ವರ್ಷಗಳನ್ನು ಅವರೂ ಅದೇ ಲೆಕ್ಕದಲ್ಲಿ ಅಳೆಯಲು ಕಲಿಯುತ್ತಾರೆ.

ಜನವರಿ 14ನ್ನು ದೇಶ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತದೆ. 1953ರ ಆ ದಿನ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದರು. ಒಬ್ಬ ಸೈನಿಕ ಮನೆಗೆ ಮರಳಿದ ದಿನವೇ ಗೌರವದ ದಿನವಾಗಿರುವುದು ಉಚಿತವಾಗಿದೆ. ಮಂಗಳೂರಿನ ಕಾಲೇಜುಗಳಿಗೆ, ಎನ್‌ಸಿಸಿ ಘಟಕಗಳಿಗೆ, ಯುವಕ ಮಂಡಲಗಳಿಗೆ ನನ್ನ ಕೋರಿಕೆ ಇದು: ಆ ದಿನ ಶಾಲು ಹೊದಿಸಿ ಭಾಷಣ ಮಾಡಿಸಿ ಕಳಿಸಬೇಡಿ. ಇಬ್ಬರು ವಿದ್ಯಾರ್ಥಿಗಳು ಒಬ್ಬ ಮಾಜಿ ಸೈನಿಕರ, ಒಬ್ಬ ಮಿಲಿಟರಿ ನರ್ಸಿನ ಮನೆಗೆ ಹೋಗಲಿ. ಅವರು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಕನ್ನಡದಲ್ಲೋ ಹೇಳಿದ್ದನ್ನು ಹೇಳಿದ ಹಾಗೆಯೇ ಧ್ವನಿಮುದ್ರಿಸಿ ಗ್ರಂಥಾಲಯದಲ್ಲಿ ಇಡಲಿ. ಯುದ್ಧದ ಬಗ್ಗೆ ಕೊನೆಗೆ ಕೇಳಿದರಾಯಿತು. ಮೊದಲು ಕೇಳಬೇಕಾದದ್ದು, ‘ಎಲ್ಲಿದ್ದಿರಿ, ರಾತ್ರಿ ಹೇಗೆ ಕಳೆಯಿತು, ಜೊತೆಗೆ ಯಾರಿದ್ದರು?’ 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಕೇಳುವ ಕೆಲಸವನ್ನು ಈ ವರ್ಷವೇ ಶುರು ಮಾಡಿ.