ಯುವಕ ಮಂಡಲದ ಜಾಲತಾಣ: ಒಂದು ಮೀಮಾಂಸೆ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಯುವಕ ಮಂಡಲವೋ ಯುವತಿ ಮಂಡಲವೋ ಇಲ್ಲದ ಗ್ರಾಮವನ್ನು ಹುಡುಕಬೇಕಾದೀತು. ಮೊಸರು ಕುಡಿಕೆ, ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ, ರಕ್ತದಾನ ಶಿಬಿರ, ಶಾಲೆಯ ಅಂಗಳದಲ್ಲಿ ಶ್ರಮದಾನ, ಬಸ್ ತಂಗುದಾಣಕ್ಕೆ ಬಣ್ಣ ಎಲ್ಲವೂ ಅವುಗಳ ಪಾಲಿನ ಕೆಲಸ. 1972ರಲ್ಲಿ ನೆಹರು ಯುವ ಕೇಂದ್ರಗಳು ಆರಂಭವಾದ ಮೇಲೆ ಅನೇಕ ಮಂಡಲಗಳು ಅವುಗಳ ಜತೆ ಸೇರಿಕೊಂಡವು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಮಾಡಿಸಿಕೊಂಡವೂ ಹಲವು. ಈಚೆಗೆ ಇವುಗಳ ಮಹಾಸಭೆಯಲ್ಲಿ ಯಾರಾದರೊಬ್ಬರು ಎದ್ದು "ನಮಗೂ ಒಂದು ವೆಬ್‌ಸೈಟ್ ಬೇಕು" ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ, ನಿರ್ಣಯ ಪುಸ್ತಕದಲ್ಲಿ ಒಂದು ಸಾಲು ಸೇರುತ್ತದೆ. ಅದು ಎಂಥದ್ದಾಗಿರಬೇಕು ಎಂಬ ಚರ್ಚೆ ಮಾತ್ರ ಲಘು ಉಪಾಹಾರದ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಆ ಚರ್ಚೆಯೇ ಇಲ್ಲಿಯ ವಿಷಯ.

ಸಂಶಯ ಎರಡು ಬಗೆಯದು. ಮಂಡಲಕ್ಕೆ ಜಾಲತಾಣ ಬೇಕೇ? ಬೇಕಾದರೆ ಎಷ್ಟು?

ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇನೆ. ಜಾಲತಾಣ ಬೇಕು. ಆದರೆ ಇನ್ನೂ ಆಯ್ಕೆಯಾಗದ, ಹೆಸರೇ ಗೊತ್ತಿಲ್ಲದ ಮುಂದಿನ ಸಾಲಿನ ಕಾರ್ಯದರ್ಶಿ ಸಾಕಬಲ್ಲಷ್ಟೇ ಬೇಕು. ಕಟ್ಟುವವನ ಜಾಣ್ಮೆ ಇಲ್ಲಿ ಅಳತೆಗೋಲಲ್ಲ, ವಹಿಸಿಕೊಳ್ಳುವವನ ಬಿಡುವು ಅಳತೆಗೋಲು.

ಇದಕ್ಕೆ ಆಧಾರ ಪೂರ್ವಮೀಮಾಂಸೆಯಲ್ಲೇ ಸಿಗುತ್ತದೆ. ಜೈಮಿನಿ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಒಂದು ವಿಚಾರವಿದೆ. ಅಗ್ನಿಹೋತ್ರದಂಥ ನಿತ್ಯಕರ್ಮದ ಕೆಲವು ಅಂಗಗಳು ಒದಗದೆ ಹೋದರೂ ಶಕ್ತಿಯಿದ್ದಷ್ಟು ಮಾಡಲೇಬೇಕು, ಬಿಡುವಂತಿಲ್ಲ. ಫಲ ಬಯಸಿ ಮಾಡುವ ಕಾಮ್ಯಕರ್ಮದ ಮಾತು ಬೇರೆ. ಅದರ ಅಂಗಗಳೆಲ್ಲ ಪೂರ್ಣವಾಗಿದ್ದರೆ ಮಾತ್ರ ಫಲ. ಎಲ್ಲವನ್ನೂ ಪೂರೈಸಲಾಗದವನು ಅದಕ್ಕೆ ಕೈಹಾಕಬಾರದು. ಈ ವಿಭಾಗವನ್ನು ಜಾಲತಾಣಕ್ಕೆ ಹೊಂದಿಸಿ ನೋಡಿದರೆ ಅರ್ಧ ಗೊಂದಲ ಅಲ್ಲಿಗೇ ಕರಗುತ್ತದೆ.

ಮಂಡಲದ ಹೆಸರು, ಗ್ರಾಮ, ತಾಲೂಕು, ಸ್ಥಾಪನೆಯ ವರ್ಷ, ನೋಂದಣಿ ಸಂಖ್ಯೆ, ಸದಸ್ಯರಾಗುವ ಬಗೆ, ಈ ಸಾಲಿನ ಪದಾಧಿಕಾರಿಗಳು, ಕಟ್ಟಡಕ್ಕೆ ಬರುವ ದಾರಿ, ಉತ್ತರ ಸಿಗುವ ಒಂದು ಫೋನ್ ಸಂಖ್ಯೆ ಇವು ನಿತ್ಯ. ಇಷ್ಟನ್ನು ಒಂದೇ ಪುಟದಲ್ಲಿ, ಅಲಂಕಾರವಿಲ್ಲದೆ ಹಾಕಿದರೂ ದೋಷವಿಲ್ಲ, ಹಾಕದಿದ್ದರೆ ದೋಷ. ಪಂದ್ಯಾಟ, ಶಿಬಿರ, ವಾರ್ಷಿಕೋತ್ಸವದ ಪ್ರಕಟಣೆಗಳು ನೈಮಿತ್ತಿಕ. ನಿಮಿತ್ತ ಬಂದಾಗ ಬರೆಯಬೇಕು, ಮುಗಿದಾಗ "ಮುಗಿದಿದೆ" ಎಂದು ಗುರುತಿಸಬೇಕು. ನಮ್ಮ ಕರಪತ್ರಗಳ ಒಂದು ಹಳೆಯ ಚಾಳಿ ಇಲ್ಲಿ ಕಾಟ ಕೊಡುತ್ತದೆ. "ತಾ. 14ರ ಆದಿತ್ಯವಾರ" ಎಂದು ಅಚ್ಚಾದ ಕರಪತ್ರ ಆ ವಾರ ಊರಲ್ಲಿ ಹಂಚಿದರೆ ಸರಿಹೋಗುತ್ತದೆ. ಅದೇ ಸಾಲು ಪರದೆಯ ಮೇಲೆ ಮೂರು ವರ್ಷ ಕೂತರೆ 60 ಕೆ.ಜಿ. ವಿಭಾಗದ ತಂಡ ಕಟ್ಟಿಕೊಂಡು ಬೇರೆ ತಾಲೂಕಿನಿಂದ ಹೊರಡಲಿರುವ ನಾಯಕನಿಗೆ ಅದು ಯಾವ ತಿಂಗಳ, ಯಾವ ವರ್ಷದ ಹದಿನಾಲ್ಕು ಎಂದು ತಿಳಿಯುವ ಬಗೆಯೇನು? ತಿಂಗಳು ಮತ್ತು ಇಸವಿ ಇಲ್ಲದ ದಿನಾಂಕವನ್ನು ಏರಿಸಲೇಬಾರದು.

ಸರಿಯುವ ಚಿತ್ರಮಾಲೆ, ಭೇಟಿ ಕೊಟ್ಟವರ ಲೆಕ್ಕ, ಸದಸ್ಯರಿಗೆ ಲಾಗಿನ್, ಮಂಡಲದ್ದೇ ಆ್ಯಪ್, ದಿನದ ಸುಭಾಷಿತ ಇವೆಲ್ಲ ಕಾಮ್ಯ. ಪೂರ್ತಿ ನಡೆಸುವ ಶಕ್ತಿಯಿದ್ದರೆ ಸಂತೋಷ. ಅರ್ಧಕ್ಕೆ ನಿಂತ ಸುಭಾಷಿತಕ್ಕಿಂತ ಸುಭಾಷಿತವಿಲ್ಲದಿರುವುದೇ ಲೇಸು.

ಈಗ ಪೂರ್ವಪಕ್ಷಗಳು.

ಮೊದಲ ಆಕ್ಷೇಪ: ವಾಟ್ಸಾಪ್ ಗುಂಪಿದೆ, ಫೇಸ್‌ಬುಕ್ ಪುಟವಿದೆ, ಇನ್‌ಸ್ಟಾಗ್ರಾಂನಲ್ಲಿ ಹುಡುಗರು ರೀಲ್ಸ್ ಹಾಕುತ್ತಾರೆ. ಜಾಲತಾಣವನ್ನು ಯಾರು ನೋಡುತ್ತಾರೆ? ಊರವರು ನೋಡುವುದಿಲ್ಲ ಎಂಬುದು ನಿಜ. ಅವರಿಗೆ ಅದು ಬೇಕಾಗಿಯೂ ಇಲ್ಲ. ವಾಟ್ಸಾಪ್ ಗುಂಪು ಒಳಗಿನವರಿಗೆ, ಜಾಲತಾಣ ಹೊರಗಿನವರಿಗೆ. ಊರಿಗೆ ಹೊಸದಾಗಿ ವರ್ಗವಾಗಿ ಬಂದ ಶಿಕ್ಷಕಿ, ಮಗಳನ್ನು ಶಿಬಿರಕ್ಕೆ ಕಳಿಸಲೋ ಬೇಡವೋ ಎಂದು ಯೋಚಿಸುವ ತಾಯಿ, ಮುಂಬೈಯಲ್ಲಿ ಹೋಟೆಲಿಟ್ಟುಕೊಂಡು ಊರಿನ ಶಾಲೆಗೆ ಏನಾದರೂ ಕೊಡೋಣ ಎನ್ನುವವರು ಯಾರೂ ಆ ಗುಂಪಿನಲ್ಲಿಲ್ಲ. ಇನ್ನು ಬಾಡಿಗೆ ಜಾಗದ ಮಾತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ. ಟಿಕ್‌ಟಾಕ್ 2020ರ ಜೂನ್ ಕೊನೆಗೆ ಒಂದು ಸರ್ಕಾರಿ ಆದೇಶದಿಂದ ಇಲ್ಲವಾಯಿತು. ಮಂಡಲಗಳ ವಯಸ್ಸು ಇವುಗಳಿಗಿಂತ ದೊಡ್ಡದು.

ಪೂರ್ವಪಕ್ಷಿ ಇಲ್ಲಿಗೆ ಸುಮ್ಮನಾಗುವುದಿಲ್ಲ. ಜಾಲತಾಣವೂ ಬಾಡಿಗೆಯದ್ದೇ ಅಲ್ಲವೇ, ವರ್ಷಕ್ಕೊಮ್ಮೆ ಹಣ ಕಟ್ಟದಿದ್ದರೆ ಅದೂ ಹೋಗುತ್ತದಲ್ಲ ಎನ್ನುತ್ತಾನೆ. ಒಪ್ಪಬೇಕಾದ ಮಾತು. ಹೋಗುವುದಷ್ಟೇ ಅಲ್ಲ, ಕೆಟ್ಟದಾಗಿ ಹೋಗುತ್ತದೆ. ನವೀಕರಣವಾಗದ ಡೊಮೇನ್ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ನಿಮ್ಮ ಮಂಡಲದ ಹೆಸರಿನಲ್ಲಿ ಜೂಜಿನ ಜಾಹೀರಾತು ನಡೆಯಬಹುದು, ಶಾಲೆಯ ಗೋಡೆಯ ಮೇಲೆ ಬರೆಸಿದ ವಿಳಾಸ ಮಕ್ಕಳನ್ನು ಅಲ್ಲಿಗೆ ಕಳಿಸಬಹುದು. ಆದರೆ ಇದರಿಂದ ಸಿದ್ಧವಾಗುವುದು ಜಾಲತಾಣ ಬೇಡವೆಂಬುದಲ್ಲ, ನವೀಕರಣವೂ ನಿತ್ಯಕ್ಕೆ ಸೇರಿದ್ದು ಎಂಬುದು. ಡಾಟ್ ಇನ್ ಹೆಸರಿಗೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯೊಳಗೆ ಖರ್ಚು. ಒಮ್ಮೆಗೆ ಹತ್ತು ವರ್ಷದವರೆಗೂ ಕಟ್ಟಬಹುದು. ಪಂದ್ಯಾಟದಲ್ಲಿ ಹಣ ಉಳಿದ ವರ್ಷ ಐದು ವರ್ಷದ್ದು ಕಟ್ಟಿಬಿಡುವುದು ಬುದ್ಧಿವಂತಿಕೆ.

ಎರಡನೆಯ ಆಕ್ಷೇಪ ಹಣಕ್ಕಿಂತ ಜನಕ್ಕೆ ಸಂಬಂಧಿಸಿದ್ದು. "ನಮ್ಮ ಹುಡುಗನೇ ಬೆಂಗಳೂರಿನಲ್ಲಿ ಎಂಜಿನಿಯರ್, ಪುಕ್ಕಟೆ ಮಾಡಿಕೊಡುತ್ತಾನೆ. ಅಂದಮೇಲೆ ಇಷ್ಟೆಲ್ಲ ಮೀಮಾಂಸೆ ಯಾಕೆ?" ಹುಡುಗ ಒಳ್ಳೆಯವನೇ. ತೊಂದರೆ ಇರುವುದು ಅವನ ಸ್ವಂತ ಮಿಂಚಂಚೆಯಲ್ಲಿ ಖಾತೆ ತೆರೆದು, ಅವನ ಮೊಬೈಲಿಗೇ ಒಟಿಪಿ ಬರುವಂತೆ ಮಾಡಿಕೊಳ್ಳುವುದರಲ್ಲಿ. ನಾಳೆ ಅವನಿಗೆ ದುಬೈಯಲ್ಲಿ ಕೆಲಸವಾಗುತ್ತದೆ, ಮದುವೆಯಾಗುತ್ತದೆ, ಫೋನ್ ಬದಲಾಗುತ್ತದೆ, ಇವೆಲ್ಲ ಆಗಬೇಕಾದ್ದೇ. ಆದ್ದರಿಂದ ಮಂಡಲಕ್ಕೆಂದೇ ಒಂದು ಮಿಂಚಂಚೆ, ಒಂದು ಸಿಮ್ ಕಾರ್ಡ್ ಇರಬೇಕು. ಸಿಮ್ಮಿಗೆ ರೀಚಾರ್ಜ್ ತಪ್ಪಬಾರದು, ತಪ್ಪಿದರೆ ಆ ಸಂಖ್ಯೆ ಕೊನೆಗೆ ಬೇರೆಯವರ ಪಾಲಾಗುತ್ತದೆ. ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕೋಶಾಧಿಕಾರಿಯ ಬಳಿ ಇಡಬೇಕು. ಮಹಾಸಭೆಯ ದಿನ ಹಳೆಯ ಕಾರ್ಯದರ್ಶಿ ಹೊಸಬನಿಗೆ ನಿರ್ಣಯ ಪುಸ್ತಕ, ನಗದು ಪುಸ್ತಕ, ಮೊಹರು, ಕಪಾಟಿನ ಬೀಗದ ಕೈ ಒಪ್ಪಿಸುತ್ತಾನಲ್ಲ, ಆ ಪಟ್ಟಿಗೇ ಇದೂ ಸೇರಿ ನಿರ್ಣಯದಲ್ಲಿ ದಾಖಲಾಗಬೇಕು. ಹೊಸಬ ಅದೇ ರಾತ್ರಿ ಪಾಸ್‌ವರ್ಡ್ ಬದಲಿಸಬೇಕು. ಎಂಜಿನಿಯರ್ ಹುಡುಗನಿಗೆ ಒಂದೇ ಷರತ್ತು: ಪಿಯುಸಿ ಓದಿದವನು ಫೋನಿನಿಂದಲೇ ತಿದ್ದಬಲ್ಲಂಥದ್ದನ್ನು ಕಟ್ಟು. ಅವನಿಗೆ ಇದು ಸಪ್ಪೆ ಎನಿಸಬಹುದು, ಎನಿಸಲಿ.

ಮೂರನೆಯದು ಫೋಟೋಗಳದ್ದು, ಹೆಚ್ಚು ಜಗಳವಾಗುವುದು ಇಲ್ಲಿಯೇ. ಬೇಸಿಗೆ ಶಿಬಿರದ ಮಕ್ಕಳ ಚಿತ್ರವಿಲ್ಲದೆ ಜಾಲತಾಣ ಯಾಕೆ, ಹೆತ್ತವರೇ ಕೇಳುತ್ತಾರಲ್ಲ ಎಂದು ಆಕ್ಷೇಪ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಹೆತ್ತವರ ಅಥವಾ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ ಅದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಮನೆಮಟ್ಟಿನ ಖಾಸಗಿ ಬಳಕೆಗೆ ಅದರಲ್ಲಿ ವಿನಾಯಿತಿಯಿದೆ, ಸಂಘವೊಂದು ಲೋಕಕ್ಕೆ ತೆರೆದಿಟ್ಟ ಪುಟಕ್ಕಿಲ್ಲ. ಕಾನೂನು ಹಾಗಿರಲಿ, ವಿವೇಕವೂ ಅದನ್ನೇ ಹೇಳುತ್ತದೆ. "ಐದನೆಯ ತರಗತಿಯ ಇಂಥವಳು, ಇಂಥ ಮನೆಯ ಇಂಥವರ ಮಗಳು" ಎಂದು ಚಿತ್ರದ ಕೆಳಗೆ ಬರೆಯುವುದು ನಮ್ಮ ಕಡೆ ಅಭಿಮಾನದ ರೀತಿ. ಗೊತ್ತಿಲ್ಲದವನ ಕೈಗೆ ಅದೇ ವಿಳಾಸ. ಫೋನಿನಿಂದ ತೆಗೆದ ಚಿತ್ರದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶವೂ ಅಡಗಿರಬಹುದು, ಅದನ್ನು ಅಳಿಸಿಯೇ ಏರಿಸಬೇಕು.

ಪತ್ರಿಕೆಯಲ್ಲಿ ಬಹುಮಾನ ಗೆದ್ದ ಮಗುವಿನ ಚಿತ್ರ ಹೆಸರಿನೊಂದಿಗೆ ಬರುವುದಿಲ್ಲವೇ ಎಂದು ಮರುಪ್ರಶ್ನೆ ಬರಬಹುದು. ಬರುತ್ತದೆ, ಮರುದಿನ ಹಳತಾಗುತ್ತದೆ. ಜಾಲತಾಣದ್ದು ಹತ್ತು ವರ್ಷ ಕಳೆದರೂ ಹೆಸರು ಒತ್ತಿದ ಕೂಡಲೇ ಎದ್ದು ಬರುತ್ತದೆ. ಹಾಗೆಂದು ಚಿತ್ರವೇ ಬೇಡವೆನ್ನುವುದಿಲ್ಲ. ಶಿಬಿರ ಸೇರುವಾಗ ತುಂಬುವ ಅರ್ಜಿಯಲ್ಲೇ ಒಪ್ಪಿಗೆಯ ಸಾಲಿರಲಿ, ಸಹಿ ಇರಲಿ. ಚಿತ್ರ ಗುಂಪಿನದಾಗಿರಲಿ, ಅಡಿಬರಹದಲ್ಲಿ ಹೆಸರು ಬೇಡ. ತೆಗೆಯಿರಿ ಎಂದವರ ಚಿತ್ರವನ್ನು ಕಾರಣ ಕೇಳದೆ ತೆಗೆಯಿರಿ.

ಇದರ ಬೆನ್ನಿಗೇ ರಕ್ತದಾನಿಗಳ ಪಟ್ಟಿಯನ್ನೂ ವಿಚಾರಿಸಬೇಕು. ಹೆಸರು, ರಕ್ತದ ಗುಂಪು, ಮೊಬೈಲ್ ಸಂಖ್ಯೆ ಸಾಲಾಗಿ ಹಾಕುವುದೇ ದೊಡ್ಡ ಸೇವೆ ಎಂಬುದು ಪೂರ್ವಪಕ್ಷ, ಅದರ ಹಿಂದಿನ ಮನಸ್ಸು ಚಿನ್ನದಂಥದ್ದು. ಆದರೆ ಒಮ್ಮೆ ರಕ್ತ ಕೊಟ್ಟ ಗಂಡಸು 90 ದಿನ, ಹೆಂಗಸು 120 ದಿನ ಮತ್ತೆ ಕೊಡುವಂತಿಲ್ಲ. ಪಟ್ಟಿ ನೋಡಿದವರಿಗೆ ಅದು ತಿಳಿಯುವುದಿಲ್ಲ. ತುರ್ತಿನಲ್ಲಿರುವ ಮನೆಯವರು ಮೂವತ್ತು ಸಂಖ್ಯೆಗಳಿಗೆ ಕರೆ ಮಾಡಿ ಕಂಗಾಲಾಗುತ್ತಾರೆ. ಸಂಖ್ಯೆ ಕೊಟ್ಟ ಹುಡುಗಿಗೆ ಬರಬಾರದ ಕರೆಗಳು ಬರುತ್ತವೆ. ಪಟ್ಟಿ ಮಂಡಲದ ಸಂಚಾಲಕರ ಬಳಿ ಇರಲಿ, ಜಾಲತಾಣದಲ್ಲಿ ಸಂಚಾಲಕರ ಒಂದೇ ಸಂಖ್ಯೆ ಸಾಕು. ಸೇವೆಯ ಫಲ ಹಾಗೆಯೇ ಹೆಚ್ಚು.

ಭಾಷೆಯ ವಿಚಾರ ಬೇಗ ಮುಗಿಯುತ್ತದೆ. ದಾನಿಗಳಿಗೆ ಇಂಗ್ಲಿಷೇ ಸಲೀಸು ಎನ್ನುವವರಿಗೆ ಒಂದು ಇಂಗ್ಲಿಷ್ ಪುಟ ಸಾಕು, ಉಳಿದದ್ದು ಕನ್ನಡದಲ್ಲಿರಲಿ. ಆ ಕನ್ನಡ ಯೂನಿಕೋಡ್‌ನಲ್ಲೇ ಇರಲಿ. ಮುದ್ರಣಾಲಯದಿಂದ ಬಂದ ಹಳೆಯ 'ನುಡಿ' ತಂತ್ರಾಂಶದ ಅಕ್ಷರದ ಕಡತವನ್ನು ಹಾಗೆಯೇ ಅಂಟಿಸಿದರೆ ಬೇರೆಯವರ ಫೋನಿನಲ್ಲಿ ಅಸಂಬದ್ಧ ಚಿಹ್ನೆಗಳು ಕಾಣುತ್ತವೆ. ಫ್ಲೆಕ್ಸಿನ ವಿನ್ಯಾಸವನ್ನೇ ಚಿತ್ರವಾಗಿ ಏರಿಸಿದರೆ ಹುಡುಕುವವರಿಗೆ ಸಿಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದೂ ಇಲ್ಲ. ಮಂಡಲದ ಹೆಸರು ತುಳು ಲಿಪಿಯಲ್ಲೂ ಬರಲಿ ಎನ್ನುವ ಹುಡುಗರ ಆಸೆ ನನಗೂ ಇಷ್ಟ. 2024ರ ಸೆಪ್ಟೆಂಬರ್‌ನಲ್ಲಿ ತುಳು-ತಿಗಳಾರಿ ಯೂನಿಕೋಡ್ ಸೇರಿತು. ಆ ಅಕ್ಷರವಿಲ್ಲದ ಫೋನಿನಲ್ಲಿ ಅದು ಖಾಲಿ ಚೌಕಗಳಾಗಿ ಕಾಣುತ್ತದಾದ್ದರಿಂದ ಸದ್ಯಕ್ಕೆ ಅದೊಂದನ್ನು ಚಿತ್ರವಾಗಿ ಹಾಕಿ ಪಕ್ಕದಲ್ಲಿ ಕನ್ನಡದಲ್ಲೂ ಬರೆಯುವುದು ಲೇಸು.

ಫ್ಲೆಕ್ಸ್ ಎಂದಾಗ ಇನ್ನೊಂದು ನೆನಪಾಗುತ್ತದೆ. ಮುಖಪುಟದಲ್ಲಿ ಶಾಸಕರು, ಗೌರವಾಧ್ಯಕ್ಷರು, ಉದ್ಯಮಿಗಳು ಸಾಲಾಗಿ ಕೈಮುಗಿದು ನಿಲ್ಲುವುದಕ್ಕೆ ಶಾಸ್ತ್ರದಲ್ಲಿ ಎಡೆಯಿಲ್ಲ.

ಹಣದ ಆಕ್ಷೇಪ ಹೀಗೆ: ಕ್ಯೂಆರ್ ಕೋಡ್ ಹಾಕಿದರೆ ದೇಣಿಗೆ ಬರುತ್ತದೆ, ಆದರೆ ಲೆಕ್ಕಪತ್ರ ಹಾಕಿದರೆ ಊರಲ್ಲಿ ಮಾತು ಬೆಳೆಯುತ್ತದೆ. ಹಾಕದಿದ್ದರೆ ಬೆಳೆಯುವುದಿಲ್ಲವೇ? ನೋಂದಾಯಿತ ಸಂಘ ಪ್ರತಿವರ್ಷ ಆಡಳಿತ ಸಮಿತಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಹೇಗೂ ಸಲ್ಲಿಸಬೇಕು. ಅದೇ ಹಾಳೆಯನ್ನು ಇಲ್ಲಿಯೂ ಹಾಕಿದರೆ ಹೆಚ್ಚಿನ ಶ್ರಮವೇನಿಲ್ಲ. ಕ್ಯೂಆರ್ ಮಂಡಲದ ಬ್ಯಾಂಕ್ ಖಾತೆಯದ್ದೇ ಆಗಿರಬೇಕು, ಅಧ್ಯಕ್ಷರದ್ದಲ್ಲ. ಹೊರನಾಡಿನವರ ವಿಷಯದಲ್ಲಿ ಎಚ್ಚರ ಬೇಕು: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಕೊಲ್ಲಿಯಲ್ಲಿ ದುಡಿಯುವವರು ತಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ತೊಡಕಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣ ಮಾತ್ರ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ಒಳಪಡುತ್ತದೆ, ಅವರು ಇದೇ ಊರಲ್ಲಿ ಹುಟ್ಟಿದವರಾದರೂ ಸರಿ. ಆ ಕಾಯ್ದೆಯಡಿ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಮಂಡಲ ಅದನ್ನು ಪಡೆಯುವಂತಿಲ್ಲ. ಕ್ಯೂಆರ್‌ನ ಕೆಳಗೆ ಈ ಒಂದು ಸಾಲು ಬರೆದಿಟ್ಟರೆ ಕೋಶಾಧಿಕಾರಿಗೆ ಆಮೇಲೆ ಸಂಕಟವಿಲ್ಲ.

ಕೊನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಮಂಡಲವೇ ನಿಂತುಹೋದರೆ? ಎಷ್ಟೋ ನಿಂತಿವೆ, ಹುಡುಗರೆಲ್ಲ ನಗರ ಸೇರಿದ ಮೇಲೆ ಕಬಡ್ಡಿ ಅಂಕಣದಲ್ಲಿ ಹುಲ್ಲು ಬೆಳೆಯುವ ಊರುಗಳಿವೆ. ಆಗ ಕೊನೆಯ ಕಾರ್ಯದರ್ಶಿ ಮಾಡಬೇಕಾದ್ದು ಇಷ್ಟು. ಕ್ಯೂಆರ್ ಮತ್ತು ಫೋನ್ ಸಂಖ್ಯೆ ತೆಗೆಯುವುದು. ಇಂಥ ದಿನದಿಂದ ಮಂಡಲದ ಚಟುವಟಿಕೆ ನಿಂತಿದೆ, ದಾಖಲೆಗಳು ಇಂಥಲ್ಲಿವೆ ಎಂದು ಬರೆಯುವುದು. ಮಕ್ಕಳ ಚಿತ್ರಗಳನ್ನು ಅಳಿಸಿ ಉಳಿದ ಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೆ ಸೇರಿಸುವುದು. ಅದಕ್ಕೆ ದುಡ್ಡು ಬೇಕಾಗಿಲ್ಲ. ಡೊಮೇನಿಗೆ ಮುಂಗಡ ಕಟ್ಟಿದ ವರ್ಷಗಳು ಉಳಿದಿದ್ದರೆ ಹಾಗೆಯೇ ಓಡಲಿ. ಅಷ್ಟರೊಳಗೆ ಶಾಲೆಯ ಗೋಡೆಯ ಮೇಲಿನ ವಿಳಾಸಕ್ಕೆ ಸುಣ್ಣ ಬಳಿಸಬೇಕು.